ಅಮ್ಮ ನಡೆಯುತ್ತ ಹಾಡಿದ ಕ್ಯಾಸೆಟ್

ಕಿರಿಮಂಜೇಶ್ವರ
10 ನವೆಂಬರ್ 2002, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಬೆನ್ನುನೋವು ಈಗ ಹೇಗಿದೆ? ಹೊಲಿಗೆ ಮೆಷಿನ್ನಿನ ಮುಂದೆ ಗಂಟೆಗಟ್ಟಲೆ ಬಗ್ಗಿ ಕೂರಬೇಡ, ನಡುನಡುವೆ ಎದ್ದು ನಾಲ್ಕು ಹೆಜ್ಜೆ ನಡೆ ಎಂದು ಕಳೆದ ಸಲವೂ ಬರೆದಿದ್ದೆ. ನೀನು ನಡೆದಿರಲಿಕ್ಕಿಲ್ಲ. ಭಾವನಿಗೆ ರಾತ್ರಿ ಪಾಳಿ ತಪ್ಪಿತೇ? ಶರಣ್ಯಾಳ ಮುಂದಿನ ಎರಡು ಹಲ್ಲು ಬಿದ್ದವು ಎಂದು ತಿಳಿದು ಎಲ್ಲರೂ ನಕ್ಕೆವು. ಅವಳ ಫೋಟೊ ತೆಗೆಸುವುದಿದ್ದರೆ ಹಲ್ಲು ಬರುವ ಮೊದಲೇ ತೆಗೆಸು. ಇಲ್ಲಿ ನಾನು ಚೆನ್ನಾಗಿದ್ದೇನೆ. ಟೆಂಪೋದ ಸೈಲೆನ್ಸರ್ ಮಾತ್ರ ಕೆಮ್ಮುತ್ತಿದೆ. ಅಮ್ಮ ತಾನೂ ಚೆನ್ನಾಗಿದ್ದೇನೆಂದು ಬರೆಯಲು ಹೇಳಿದ್ದಾಳೆ. ಈ ಸಲ ಬಂಗಡೆ ಮೀನು ಬೇಕಾದಷ್ಟು ಬಿದ್ದಿದೆ. ಬೆಳಿಗ್ಗೆ ಐಸ್ ತುಂಬಿಕೊಂಡು ವಂಡ್ಸೆಯ ಕಡೆ ಹೊರಟರೆ ಊಟದ ಹೊತ್ತಿಗೆ ಪೆಟ್ಟಿಗೆಗಳು ಖಾಲಿಯಾಗಿರುತ್ತವೆ. ಅಮ್ಮ ಎಂದಿನಂತೆ ನನ್ನ ಪಕ್ಕದ ಸೀಟಿನಲ್ಲಿ ಕೂತು ಬಂದು ವಂಡ್ಸೆ ಪೇಟೆಯಲ್ಲಿ ಇಳಿಯುತ್ತಾಳೆ. ಬುಟ್ಟಿ ಹೊತ್ತು ಮನೆಮನೆ ತಿರುಗುವುದನ್ನು ಬಿಟ್ಟು ಆರು ವರ್ಷವಾಯಿತಲ್ಲ, ಆದರೂ ಇಳಿದ ಕೂಡಲೇ ಅವಳ ಕೈ ಈಗ ತಲೆಯ ಮೇಲೆ ಇಲ್ಲದ ಬುಟ್ಟಿಯ ಸಿಂಬಿಯನ್ನು ಸರಿಮಾಡಲು ಹೋಗುತ್ತದೆ.

ಈಗ ನೀನು ಕೇಳಿದ ವಿಷಯಕ್ಕೆ ಬರುತ್ತೇನೆ. ಭಾವನ ಗೆಳೆಯನ ಅಂಗಡಿಯಲ್ಲಿ ಕ್ಯಾಸೆಟ್ಟಿನ ಹಾಡುಗಳನ್ನು ಸೀಡಿಗೆ ಹಾಕಿಕೊಡುತ್ತಾರೆ, ಮನೆಯಲ್ಲಿರುವುದರಲ್ಲಿ ಒಳ್ಳೆಯವು ಹತ್ತು ಆರಿಸಿ ಊರಿಂದ ಇಲ್ಲಿಗೆ ಬರುವ ಶೀನಣ್ಣನ ಕೈಯಲ್ಲಿ ಕಳಿಸು ಎಂದಿದ್ದೆ. ಇವತ್ತು ಬೆಳಿಗ್ಗೆ ಟ್ರಂಕನ್ನು ಜಗಲಿಗೆ ಎಳೆದು ತಂದು ಎಲ್ಲವನ್ನೂ ಚಾಪೆಯ ಮೇಲೆ ಹರಡಿದೆ. ನೂರಾ ಹದಿನೇಳು ಇವೆ ಅಕ್ಕಾ. ನಮ್ಮ ಕಡಲ ಗಾಳಿಗೆ ಅರ್ಧಕ್ಕರ್ಧ ಬೂಸಲು ಹಿಡಿದಿವೆ. ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ, ಸಡಿಲವಾದವನ್ನು ಪೆನ್ಸಿಲ್ ತೂರಿಸಿ ಸುತ್ತಿ, ಹಾಕಿ ಕೇಳುತ್ತಾ ಕೂತೆ. ಹತ್ತು ಆರಿಸಲು ಹೊರಟವನು ಮಧ್ಯಾಹ್ನದವರೆಗೆ ಮೂರೇ ಆರಿಸಿದ್ದೇನೆ. ಉಳಿದವನ್ನು ತೆಗೆದುಹಾಕಲು ಮನಸ್ಸು ಬರುವುದಿಲ್ಲ, ಸೇರಿಸಲು ಧೈರ್ಯವಿಲ್ಲ.

ಮೊದಲನೆಯದು ನೀನೇ ಕಳಿಸಿದ್ದು. ಮದುವೆಯಾಗಿ ಹೋದ ಮರುವರ್ಷ, ತೊಂಬತ್ತೇಳರ ದೀಪಾವಳಿಗೆ, ಟೇಪ್ ರೆಕಾರ್ಡರಿನ ಜೊತೆ ಬಂದದ್ದು. ಹೊದಿಕೆಯ ಮೇಲೆ ಬೆಳ್ಳಿ ಬಣ್ಣದ ಜಾಕೆಟ್ ತೊಟ್ಟ ಹುಡುಗ ಕಟ್ಟಡದ ತುದಿಯಲ್ಲಿ ನಿಂತಿದ್ದಾನಲ್ಲ, ಆ ಹಿಂದಿ ಪಾಪ್ ಆಲ್ಬಮ್. ಆಗ ನನಗೆ ಹಿಂದಿ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ನಾನೇ ಕಟ್ಟಿಕೊಳ್ಳುತ್ತಿದ್ದೆ. ಎ ಸೈಡಿನ ಮೂರನೆಯ ಹಾಡಿನಲ್ಲಿ ಡ್ರಮ್ಮಿನ ಸದ್ದು ನಮ್ಮ ಐಸ್ ಪುಡಿಮಾಡುವ ಮೆಷಿನ್ನಿನ ಹಾಗೆಯೇ ಇದೆ. ಎರಡನೇ ಚರಣ ಮುಗಿದ ಮೇಲೆ ಒಂದು ಕೊಳಲು ಬರುತ್ತದೆ ನೋಡು, ಯಾರೂ ಕರೆಯದೆ ಬಂದ ನೆಂಟನಂತೆ ಬಂದು ಒಂದು ನಿಮಿಷ ಇದ್ದು ಹೋಗುತ್ತದೆ. ಅದಕ್ಕಾಗಿ ಆ ಹಾಡನ್ನು ಎಷ್ಟು ಸಲ ಹಿಂದಕ್ಕೆ ಓಡಿಸಿದೆನೆಂದರೆ ಅಲ್ಲಿ ಟೇಪು ಎಳೆದುಕೊಂಡು, ಹಾಡುವವನ ದನಿ ನಿದ್ದೆಗಣ್ಣಿನಲ್ಲಿ ಎದ್ದವನಂತೆ ಕೆಳಗಿಳಿಯುತ್ತದೆ. ಮೊನ್ನೆ ಕುಂದಾಪುರದ ಬಸ್ಸಿನಲ್ಲಿ ಅದೇ ಹಾಡು ಸರಿಯಾಗಿ ಕೇಳಿಸಿತು. ನನಗೆ ಅದೇ ತಪ್ಪೆನಿಸಿತು. ಸೀಡಿಗೆ ಹಾಕುವಾಗ ಅವರು ಅದನ್ನು ತಿದ್ದದಿರಲಿ.

ಎರಡನೆಯದು ಗಂಗೊಳ್ಳಿಯ ಗೆಳೆಯ ಕೊಟ್ಟ ಕೊಂಕಣಿ ಕ್ಯಾಸೆಟ್. ಹೊದಿಕೆ ಕಳೆದುಹೋಗಿದೆ, ಹಾಡಿದವಳ ಹೆಸರು ನನಗೆ ಗೊತ್ತಿಲ್ಲ. ಮ್ಯಾಂಡೊಲಿನ್ ಇದೆ, ಒಂದು ತುತ್ತೂರಿ ಇದೆ, ಮತ್ತು ನಡುವಯಸ್ಸಿನ ಹೆಂಗಸೊಬ್ಬಳ ಸ್ವಲ್ಪ ಒರಟಾದ ದನಿ ಇದೆ. ಅವಳು ಮೇಲಿನ ಸ್ವರ ಹಿಡಿಯಲು ಹೋಗುವುದೇ ಇಲ್ಲ. ತನಗೆ ಎಟುಕುವಷ್ಟರಲ್ಲೇ, ಪಾತ್ರೆ ತೊಳೆಯುತ್ತ ಪಕ್ಕದ ಮನೆಯವಳ ಹತ್ತಿರ ಮಾತಾಡಿದಂತೆ ಹಾಡುತ್ತಾಳೆ. ಮೀನು ಖಾಲಿ ಮಾಡಿ ಹಿಂದಿರುಗುವಾಗ, ಬಿಸಿಲು ಇಳಿದು ರಸ್ತೆ ಖಾಲಿ ಇರುವಾಗ ನಾನು ಹಾಕುವುದು ಇದನ್ನೇ.

ಮೂರನೆಯದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ಅದರ ಹೆಸರು ‘ಹೊಳಿಬದಿ ಪದ’, ಹಾಡಿಗೆ ನಮ್ಮ ಹೆಂಗಸರು ಪದ ಎನ್ನುವುದಲ್ಲವೇ. ವಂಡ್ಸೆಯಲ್ಲಿ ನಮ್ಮ ಹತ್ತಿರ ಮೀನು ಕೊಳ್ಳುವ ಸೌಮ್ಯಶ್ರೀ ಎಂಬ ಟೀಚರ್ ಒಬ್ಬರಿದ್ದಾರೆ. ಶಾಲೆಗೆ ರಜೆ ಸಿಕ್ಕಿದಾಗೆಲ್ಲ ಟೇಪ್ ರೆಕಾರ್ಡರ್ ಹಿಡಿದು ಊರೂರು ತಿರುಗಿ ಹೆಂಗಸರ ಹಾಡುಗಳನ್ನು ತುಂಬಿಕೊಳ್ಳುತ್ತಾರೆ. ಗುಲ್ವಾಡಿಯ ಹೊಳೆಯ ಬದಿಯಲ್ಲಿ ನಾಟಿಯ ಹೆಂಗಸರು ಹಾಡಿದ್ದನ್ನು ಎರಡು ವರ್ಷದ ಹಿಂದೆ ಕ್ಯಾಸೆಟ್ ಮಾಡಿ ನನಗೂ ಒಂದು ಕೊಟ್ಟರು. ಮೊದಲ ಸಲ ಕೇಳಿದಾಗ ನನಗೆ ಹಿಡಿಸಲಿಲ್ಲ. ತಾಳವಿಲ್ಲ, ಶ್ರುತಿಯಿಲ್ಲ, ನಡುವೆ ಕಾಗೆ ಕೂಗುತ್ತದೆ, ಒಂದು ಕಡೆ ಬಸ್ಸಿನ ಹಾರ್ನ್ ಕೂಡ ಇದೆ. ನಾಲ್ಕನೇ ಸಲಕ್ಕೆ ಕಿವಿ ತೆರೆಯಿತು. ಒಬ್ಬಳು ಸಾಲು ಎತ್ತಿ ಅರ್ಧಕ್ಕೆ ಬಿಡುತ್ತಾಳೆ, ಉಳಿದವರು ಅದನ್ನು ನೆಲಕ್ಕೆ ಬೀಳಲು ಬಿಡದೆ ಹಿಡಿಯುತ್ತಾರೆ. ಹಿಡಿಯುವಾಗ ಎಲ್ಲರದೂ ಒಂದೇ ಸ್ವರವಾಗಿರುವುದಿಲ್ಲ, ಒಬ್ಬೊಬ್ಬರು ಒಂದೊಂದು ಎತ್ತರದಲ್ಲಿ ಹಿಡಿಯುತ್ತಾರೆ. ಯಾವ ಸ್ಟುಡಿಯೋದಲ್ಲೂ ಅದನ್ನು ಕಲಿಸಲಾಗದು.

ಕಳೆದ ವರ್ಷ ಮಳೆ ನಿಂತ ಮೇಲೆ ಒಂದು ದಿನ ಅದನ್ನು ಹಾಕಿಕೊಂಡು ವಂಡ್ಸೆಗೆ ಹೋಗುತ್ತಿದ್ದೆ. ಅಮ್ಮ ಪಕ್ಕದಲ್ಲಿದ್ದಳು. ನಾನು ಯಾವ ಹಾಡು ಹಾಕಿದರೂ ಅವಳು ಕಿಟಕಿಯ ಹೊರಗೆ ನೋಡುತ್ತ ಕೂರುವವಳು. ಅವತ್ತು ಒಂದು ಪದದ ನಡುವೆ ಇದ್ದಕ್ಕಿದ್ದ ಹಾಗೆ, “ಹಾಂಗಲ್ಲ ಮಾಣಿ, ಅವ್ರ್ ಒಂದ್ ಸಾಲ್ ಬಿಟ್ರ್,” ಎಂದಳು. ಬಿಟ್ಟ ಸಾಲು ಯಾವುದೆಂದು ಕೇಳಿದೆ. ಅವಳು ಹೇಳಲಿಲ್ಲ, ಹಾಡಿಯೇ ತೋರಿಸಿದಳು. ನಾನು ಟೆಂಪೋವನ್ನು ಬದಿಗೆ ನಿಲ್ಲಿಸಿದೆ. ಇಪ್ಪತ್ತೇಳು ವರ್ಷದಲ್ಲಿ ನಮ್ಮ ಅಮ್ಮ ಹಾಡುವುದನ್ನು ನಾನು ಕೇಳಿದ್ದು ಅವತ್ತೇ. ಐಸ್ ಕರಗಿ ನೀರು ರಸ್ತೆಗೆ ಇಳಿಯುತ್ತಿತ್ತು, ಅವಳು ಏಳು ಸಾಲು ಹಾಡಿ, ಇನ್ನು ಹೊರಡು, ಮೀನು ಹಾಳಾಗುತ್ತದೆ ಎಂದಳು.

ಅಕ್ಕಾ, ಇಲ್ಲಿ ನಾನು ನಿನಗೆ ನೋವಾಗುವ ಮಾತು ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ. ಅಮ್ಮ ಯಾಕೆ ಹಾಡುವುದಿಲ್ಲ ಎಂದು ನಾವಿಬ್ಬರೂ ಕೇಳಿದವರಲ್ಲ. ಆದರೆ ಅವಳು ಕೂಗುವುದನ್ನು ಯಾಕೆ ಬಿಟ್ಟಳು ಎಂದು ನಿನಗೆ ಗೊತ್ತು. ನೀನು ಏಳನೇ ಕ್ಲಾಸಿನಲ್ಲಿದ್ದಾಗ ಅವಳು ಬುಟ್ಟಿ ಹೊತ್ತು ಶಾಲೆಯ ಮುಂದೆ ಮೀನು ಕೂಗುತ್ತ ಹೋದರೆ ನಿನ್ನ ಕ್ಲಾಸಿನ ಹುಡುಗಿಯರು ಅದೇ ರಾಗದಲ್ಲಿ ನಿನ್ನನ್ನು ಅಣಕಿಸುತ್ತಿದ್ದರು. ನೀನು ಮನೆಗೆ ಬಂದು ಅತ್ತು, ಶಾಲೆಯ ಹತ್ತಿರ ಕೂಗಬೇಡ ಎಂದೆ. ಅಮ್ಮ ಮರುದಿನದಿಂದ ಗದ್ದೆಯ ಅಂಚಿನ ಸುತ್ತುದಾರಿ ಹಿಡಿದಳು, ಸ್ವಲ್ಪ ದಿನದಲ್ಲಿ ಎಲ್ಲಿಯೂ ಕೂಗದೆ ಬಾಗಿಲು ತಟ್ಟಿ ಮೀನು ಕೊಡತೊಡಗಿದಳು. ಮದುವೆಯ ಹಿಂದಿನ ದಿನ ಹೂ ಕಟ್ಟುತ್ತ ನೀನು ನನಗೆ ಇದನ್ನು ಹೇಳಿದಾಗ ನಿನ್ನ ಕೈ ನಿಂತುಹೋಗಿತ್ತು. ಅಮ್ಮನಿಗೆ ಹಾಗೆ ಹೇಳಿದಾಗ ನಿನಗೆ ಹನ್ನೆರಡು ವರ್ಷ. ಹನ್ನೆರಡು ವರ್ಷದವರು ಎಲ್ಲರೂ ಹಾಗೆಯೇ.

ಅಮ್ಮ ಹಾಡಿದ ಸುದ್ದಿಯನ್ನು ನಾನು ಟೀಚರಿಗೆ ಹೇಳದೆ ಇರಲಾಗಲಿಲ್ಲ. ಅವರು ಎರಡನೇ ಕ್ಯಾಸೆಟ್ಟಿಗೆ ಹಾಡು ಹುಡುಕುತ್ತಿದ್ದರು. ಒಂದು ವರ್ಷ ಕೇಳಿಕೊಂಡರು, ಅಮ್ಮ ಒಂದು ವರ್ಷ ನಕ್ಕು ಮೀನು ತೂಗಿ ಕೊಟ್ಟಳು. ಹೋದ ತಿಂಗಳು ಒಂದು ಬೆಳಿಗ್ಗೆ ತಾನೇ ಅವರ ಮನೆಯವರೆಗೆ ಹೋಗಿ, ಯಾವಾಗ ಬರಬೇಕು ಎಂದು ಕೇಳಿದಳಂತೆ. ಮುಂದಿನ ಭಾನುವಾರವೇ ಗುಲ್ವಾಡಿಯಲ್ಲಿ ಟೀಚರ ತಾಯಿಯ ಮನೆಯ ಅಂಗಳದಲ್ಲಿ ಏರ್ಪಾಡಾಯಿತು. ಉಡುಪಿಯಿಂದ ಒಬ್ಬ ಹುಡುಗ ದೊಡ್ಡ ಮೈಕು ತಂದಿದ್ದ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದರು. ಮದುವೆಗೆ ಉಡುವ ಹಸಿರು ಸೀರೆ ಉಟ್ಟು ಬಂದಿದ್ದಳು. ಬಾಯಿ ತೆರೆದಳು, ದನಿ ಬರಲಿಲ್ಲ. ನೀರು ಕುಡಿದಳು, ಆಗಲೂ ಬರಲಿಲ್ಲ. ಟೀಚರು ಕೈಯಲ್ಲಿ ಹಿಡಿದುಕೊಳ್ಳಲು ಅಕ್ಕಿ ಕೇರುವ ಒಂದು ಗೆರಸಿ ಕೊಟ್ಟು ನೋಡಿದರು. ಕೊನೆಗೆ ಅಮ್ಮ ಎದ್ದು ನಿಂತು, “ಕೂಕಂಡ್ ಹೇಳೂಕ್ ಆತ್ತಿಲ್ಲೆ ಟೀಚ್ರೆ, ಇದ್ ನಡ್ಕಂಡ್ ಹೇಳು ಪದ,” ಎಂದಳು. ಅವಳು ಹೇಳಿದ್ದು ನಿಜ. ಎಲ್ಲವೂ ಅವಳು ತನ್ನ ಅತ್ತೆಯ ಹಿಂದೆ ಬುಟ್ಟಿ ಹೊತ್ತು ನಡೆಯುತ್ತ ಕಲಿತವು. ಮೈಕಿನ ಹುಡುಗ ಬುದ್ಧಿವಂತ. ಮೈಕನ್ನು ಅಂಗಳದ ನಡುವೆ ನೆಟ್ಟು, ಅದರ ಸುತ್ತ ನಡೆಯಿರಿ ಎಂದ. ಅಮ್ಮ ಚಪ್ಪಲಿ ಕಳಚಿ ನಡೆಯತೊಡಗಿದಳು, ನಡೆಯುತ್ತ ಐದು ಪದ ಹಾಡಿದಳು.

ಕೊನೆಗೆ ಟೀಚರು, ಮೀನು ಮಾರುವಾಗ ಹೇಗೆ ಕೂಗುತ್ತಿದ್ದಿರಿ, ಅದನ್ನೂ ತುಂಬಿಕೊಳ್ಳಲೇ ಎಂದು ಕೇಳಿದರು. ಅಮ್ಮ ಅಂಗಳದ ಆಚೆ ರಸ್ತೆಯ ಕಡೆ ನೋಡಿದಳು. ಆಮೇಲೆ ಕೇಳಿದಳು, “ಇಲ್ಲ್ ಹತ್ರ ಶಾಲಿ ಎಂತಾರೂ ಇತ್ತಾ?”

ಟೀಚರಿಗೆ ಅರ್ಥವಾಗಲಿಲ್ಲ. ಭಾನುವಾರ ಅಲ್ಲವೇ, ಶಾಲೆ ಇಲ್ಲ ಎಂದರು. ನನಗೆ ಅರ್ಥವಾಗಿತ್ತು, ನಾನು ತೆಂಗಿನ ಮರದ ಕಡೆಗೆ ತಿರುಗಿ ನಿಂತೆ. ಅಮ್ಮ ಕೂಗಿದಳು. ಬಂಗ್ಡಿ, ಬೈಗಿ, ಚಟ್ಲಿ ಎಂದು ಮೀನಿನ ಹೆಸರಿನ ಮೂರೇ ಮೂರು ಮಾತು. ಆದರೆ ಕೊನೆಯ ಮಾತನ್ನು ಅವಳು ಎತ್ತಿ ಎಳೆದದ್ದು ಹೊಳೆಯ ಆಚೆ ದಡದವರೆಗೆ ಹೋಗಿರಬೇಕು, ಆ ಕಡೆ ತೋಟದಲ್ಲಿ ಕೆಲಸದಲ್ಲಿದ್ದ ಹೆಂಗಸೊಬ್ಬಳು ನಿಜವಾಗಿ ಮೀನು ಬಂತೆಂದು “ಹ್ವಾಯ್” ಎಂದು ಉತ್ತರ ಕೊಟ್ಟಳು. ಅದೂ ಟೇಪಿನಲ್ಲಿದೆ. ಅಮ್ಮನಿಗೆ ನಗು ತಡೆಯಲಾಗಲಿಲ್ಲ, ಆ ನಗುವೂ ಇದೆ.

ಟೀಚರು ಕ್ಯಾಸೆಟ್ ಹೊರತರಲು ಇನ್ನೂ ಆರು ತಿಂಗಳಾಗಬಹುದು. ನನಗೆ ಒಂದು ಪ್ರತಿ ಕೊಟ್ಟಿದ್ದಾರೆ, ಅದನ್ನು ಮೇಲಿನ ಮೂರರ ಜೊತೆ ಶೀನಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ನೂರಾ ಹದಿನೇಳು ಕ್ಯಾಸೆಟ್ ಕೇಳಿದವನಾಗಿ ಹೇಳುತ್ತೇನೆ, ಮಗನಾಗಿ ಅಲ್ಲ. ಅವಳ ದನಿ ಹತ್ತಿರ ಬರುತ್ತದೆ, ದಾಟುತ್ತದೆ, ದೂರ ಹೋಗುತ್ತದೆ, ಮತ್ತೆ ಬರುತ್ತದೆ. ಅವಳು ಅಂಗಳದ ಯಾವ ಮೂಲೆಯಲ್ಲಿದ್ದಾಳೆಂದು ಕಣ್ಣು ಮುಚ್ಚಿ ಹೇಳಬಹುದು. ಬೇರೆ ಯಾವ ಆಲ್ಬಮ್ಮಿನಲ್ಲೂ ಹಾಡುವವರು ನನ್ನ ಸುತ್ತ ಹೀಗೆ ನಡೆದದ್ದಿಲ್ಲ. ಸೀಡಿಗೆ ಒಂದನ್ನೇ ಹಾಕುವುದಾದರೆ ಇದನ್ನು ಹಾಕಿಸು, ಬೆಳ್ಳಿ ಜಾಕೆಟಿನ ಹುಡುಗ ಕಾಯಲಿ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಶರಣ್ಯಾಳಿಗೆ ಅಜ್ಜಿಯ ಮುತ್ತು, ಮಾವನ ಕಡೆಯಿಂದ ತಲೆಗೆ ಒಂದು ಮೊಟಕು. ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ, ತಣ್ಣಗಿರಿ ಎಂದು ಅಮ್ಮ ಹರಸಿದ್ದಾಳೆ.

ಇಂತಿ ನಿನ್ನ ತಮ್ಮ,
ಸುಧಾಕರ

ಸೋಮವಾರ, ಬೈಂದೂರು ಪೋಸ್ಟಾಫೀಸಿನ ಬೆಂಚಿನಿಂದ, ಗಡಿಬಿಡಿಯಲ್ಲಿ: ನಿನ್ನೆ ಈ ಕಾಗದವನ್ನು ಅಮ್ಮ ಪೂರ್ತಿ ಓದಿಸಿ ಕೇಳಿದಳು. ಹಾಗಾಗಿ ಇದನ್ನು ಅದರೊಳಗೆ ಬರೆಯಲಾಗಲಿಲ್ಲ. ಅವಳ ಗಂಟಲಲ್ಲಿ ಒಂದು ಗಂಟು ಇದೆ. ಇದೇ ತಿಂಗಳ 25ಕ್ಕೆ ಆಪರೇಶನ್. ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದ್ದಾರೆ, ನೀನು ಹೆದರಬೇಡ. ಆದರೆ ದನಿಯ ನರ ಅಲ್ಲಿಯೇ ಹಾದುಹೋಗುತ್ತದಂತೆ, ಆಮೇಲೆ ದನಿ ಹೇಗಿರುತ್ತದೆ, ಇರುತ್ತದೋ ಇಲ್ಲವೋ, ಹೇಳಲಾಗದು ಎಂದರು. ಅದನ್ನು ಕೇಳಿ ಬಂದ ಮರುದಿನವೇ ಅವಳು ಟೀಚರ ಮನೆಗೆ ಹೋದದ್ದು. “ಅವ್ಳಿಗ್ ಹೇಳ್ಬೇಡ, ಎಲ್ಲಾ ಬಿಟ್ಟ್ ಓಡಿ ಬತ್ಲ್,” ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ನಾನು ಎರಡು ಸಲ ಬೂತಿನಿಂದ ನಿಮಗೆ ಫೋನು ಮಾಡಿ, ಹೇಳಲಾಗದೆ ಶರಣ್ಯಾಳ ಹತ್ತಿರ ಮಾತಾಡಿ ಇಟ್ಟುಬಿಟ್ಟೆ. ಬರಲು ಆದರೆ ಬಾ. ಆಗದಿದ್ದರೆ 25ರ ಮೊದಲು ಸಂಜೆ ಆರರ ಹೊತ್ತಿಗೆ ಪಕ್ಕದ ಉಮಾನಾಥಣ್ಣನ ಅಂಗಡಿಗೆ ಫೋನು ಮಾಡು, ಅಮ್ಮ ಆಗ ಅಲ್ಲಿರುತ್ತಾಳೆ. ಗಂಟಲಿನ ಮಾತು ಎತ್ತಬೇಡ, ಅಳಬೇಡ. ನೀನು ಕಡಿಮೆ ಮಾತಾಡು ಅಕ್ಕಾ, ಅವಳಿಗೆ ಬಿಡು.