ಹಳೇ ಗಿರಾಕಿಗಳ ನಂಬರು

ಮಂಗಳವಾರ, ಜೂನ್ ೪

ಶಾಲೆಯ ಸಮವಸ್ತ್ರದ ಆರ್ಡರು ಇವತ್ತು ಕೈತಪ್ಪುವುದರಲ್ಲಿತ್ತು. ನಮ್ಮ ಹೊಲಿಗೆ ಅಂಗಡಿಯಿಂದ ಬಂದ ಸಂದೇಶವನ್ನು ಶಾಲೆಯ ಕಾರ್ಯದರ್ಶಿ ನನ್ನ ಮೂಗಿಗೇ ಹಿಡಿದರು: “ಮಾನ್ಯ <Customer object at 0x7f3a>, ನಿಮ್ಮ ಕೋಟು ಸಿದ್ಧವಾಗಿದೆ.”

“ಇದು ನನ್ನ ಹೆಸರೇನ್ರೀ?”

“ಹಳೇ ಗಿರಾಕಿಗಳಿಗೆ ಮಾತ್ರ ಕೊಡೋ ನಂಬರು, ಸಾರ್,” ಎಂದೆ. ಅವರ ಮುಖ ಅರಳಿತು.

ಈ ಸಂದೇಶ ಕಳಿಸೋ ಪ್ರೋಗ್ರಾಂ ಬರೆದ ಮಗಳು ಒಳಗೆ ನಗು ತಡೆದುಕೊಂಡಿದ್ದಳು. “ಅಪ್ಪಾ, ಗಿರಾಕೀನ ಹೇಗೆ ತೋರಿಸ್ಬೇಕು ಅಂತ __str__ ಅನ್ನೋ ಸೂಚನೆ ಬರೆದು ಹೇಳ್ಕೊಡೋದು ಮರೆತೆ. ಹೇಳ್ದಿದ್ರೆ ಈ ಪೈಥಾನ್ ಭಾಷೆ ತನಗೆ ತೋಚಿದ್ದು ಬರೆಯುತ್ತೆ.” ಎರಡೇ ಸಾಲು ಸೇರಿಸಿದಳು, ಹೆಸರು ಸರಿಯಾಗಿ ಬರತೊಡಗಿತು.

ಸಂಜೆ ಕಾರ್ಯದರ್ಶಿಗಳ ಪ್ಯಾಂಟೂ ಸಿದ್ಧವಾಗಿ, ಹೊಸ ಸಂದೇಶ ಹೋಯಿತು. ಕೂಡಲೇ ಫೋನು.

“ಬರೀ ಹೆಸರು ಹಾಕಿದೀರಲ್ಲ, ನನ್ನ ನಂಬರು ಕಿತ್ಕೊಂಡ್ರಾ? ಆರ್ಡರ್ ವಿಷಯ ಆಮೇಲೆ ನೋಡೋಣ.”

“ಒಬ್ಬರಿಗೋಸ್ಕರ ಪ್ರೋಗ್ರಾಂನಲ್ಲಿ ಬೇರೆ ಕ್ಲಾಸ್ ಬರೀಬೇಕಾ?” ಎಂದು ಮಗಳು ಇನ್ನೂ ಗೊಣಗುತ್ತ ಕೂತಿದ್ದಾಳೆ. ಒಬ್ಬರಲ್ಲ ಎಂದು ಹೇಗೆ ಹೇಳಲಿ? ಅವರ ಷಡ್ಡಕರೂ ಈಗಷ್ಟೇ ಫೋನು ಮಾಡಿ, ತಮಗೆ ಅದಕ್ಕಿಂತ ಉದ್ದದ ನಂಬರೇ ಬೇಕೆಂದು ಹಟ ಹಿಡಿದಿದ್ದಾರೆ.