ಬೈಕಿನ ಎರಡು ಸದ್ದು

ಪೆರಾಬೆ
24-4-2024, ಬುಧವಾರ

ಮಗ ಭವಿತ್‌ಗೆ, ನಿನ್ನ ಚಿಕ್ಕಪ್ಪ ತೀರ್ಥರಾಮ ಬರೆಯುವುದು.

ನೀವೆಲ್ಲ ಸೌಖ್ಯವೇ ಎಂದು ಕೇಳುವ ಮುಖ ನನಗೀಗ ಇಲ್ಲ. ಆದರೂ ಈ ಗಡಿಬಿಡಿಯಲ್ಲಿ ಅತ್ತಿಗೆಯ ಬಿಪಿ ಮಾತ್ರೆ ತಪ್ಪದ ಹಾಗೆ ನೋಡಿಕೋ. ನೀನು ನನ್ನ ಫೋನ್ ಎತ್ತುವುದಿಲ್ಲ. ಹಾಗಾಗಿ ಈ ಕಾಗದವನ್ನು ಬೈಕಿನ ಜೊತೆ ಸಮದನ ಕೈಯಲ್ಲಿ ಕಳಿಸುತ್ತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರವಣಿಗೆ, ತಪ್ಪಿದ್ದಲ್ಲಿ ಸರಿಮಾಡಿಕೊಂಡು ಓದು.

ಮೊದಲು ಬೈಕಿನ ವಿಷಯ. ಕಡಬದಲ್ಲಿ ಸಮದನ ಗ್ಯಾರೇಜಿಗೆ ತಂದುಬಿಟ್ಟು, "ಇದರ ಸದ್ದು ಇನ್ನು ನಮ್ಮ ಅಂಗಳದಲ್ಲಿ ಕೇಳಬಾರ್ದು" ಎಂದು ಹೇಳಿ ಹೋದೆಯಂತೆ. ಸಮದ್ ನನ್ನ ಹತ್ತಿರ ಕೆಲಸ ಕಲಿತವನು, ಅವನಿಗೇ ಮಾಡಲು ಬರುತ್ತಿತ್ತು. ಆದರೆ ಅದನ್ನು ನನ್ನ ಶೆಡ್ಡಿಗೆ ತಂದು ನಿಲ್ಲಿಸಿ, "ತೀರ್ಥಣ್ಣ, ಇದಕ್ಕೆ ಸ್ಕ್ರೂಡ್ರೈವರ್ ಹಾಕ್ಲಿಕ್ಕೆ ನನಗೆ ಕೈ ಬರುದಿಲ್ಲ. ನೀವೇ ಮಾಡಿ" ಎಂದ.

ನೀನು ಹಾಕಿಸಿದ ಹೊಸ ಸೈಲೆನ್ಸರ್ ಹೊಗೆಯನ್ನು ತಡೆಯದೆ ಹೊರಗೆ ಬಿಡುತ್ತದೆ. ಏರ್ ಫಿಲ್ಟರಿನ ಪೆಟ್ಟಿಗೆ ಕಿತ್ತು ಸಿಕ್ಕಿಸಿದ ಬೋಳು ಫಿಲ್ಟರ್ ಮನಸ್ಸಿಗೆ ಬಂದಷ್ಟು ಗಾಳಿ ಎಳೆಯುತ್ತದೆ. ಕಾರ್ಬುರೇಟರ್ ಪಾಪ, ಮೊದಲಿನಷ್ಟೇ ಪೆಟ್ರೋಲು ಕೊಡುತ್ತಿತ್ತು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ, ಒಳಗೆ ಉರಿಯದೆ ಉಳಿದದ್ದು ಬಿಸಿ ಸೈಲೆನ್ಸರಿಗೆ ಹೋಗಿ ಅಲ್ಲಿ ಡಬ್ಬೆಂದು ಒಡೆಯುವುದು. ಪ್ಲಗ್ ತೆಗೆದು ನೋಡಿದರೆ ಸುಣ್ಣದ ಹಾಗೆ ಬೆಳ್ಳಗಿತ್ತು, ಪೆಟ್ರೋಲು ಸಾಲದ ಗುರುತು. ಕಾರ್ಬುರೇಟರಿನೊಳಗೆ ಪೆಟ್ರೋಲು ಬರುವ ಜೆಟ್ ಎರಡನ್ನೂ ಒಂದೊಂದು ನಂಬರ್ ದೊಡ್ಡದು ಹಾಕಿದೆ. ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿ, ಪೆಟ್ರೋಲು ಇನ್ನಷ್ಟು ಬರುವ ಹಾಗೆ ಸೂಜಿಯನ್ನು ಎತ್ತಿದೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಕಾಲು ಸುತ್ತು ಬಿಚ್ಚುತ್ತ ಹೋದೆ. ಎರಡೂಕಾಲು ಸುತ್ತಿಗೆ ಬರುವಾಗ ಅದರ ಉಸಿರು ಸಮ ಆಯಿತು. ಸೈಲೆನ್ಸರ್ ಇಂಜಿನಿಗೆ ಸೇರುವಲ್ಲಿಯೂ ಗಾಳಿ ನುಗ್ಗುತ್ತಿತ್ತು, ವಾಷರ್ ಬದಲಾಯಿಸಿದೆ. ಗುಡ್ಡದ ರಸ್ತೆಯಲ್ಲಿ ನಾಲ್ಕು ಸಲ ಇಳಿಸಿ ನೋಡಿದ್ದೇನೆ. ಇನ್ನು ಒಡೆಯುವುದಿಲ್ಲ.

ಒಟ್ಟು ಒಂದೂವರೆ ಗಂಟೆಯ ಕೆಲಸ. ಜನವರಿಯಲ್ಲಿ ನೀನು ತಂದಾಗಲೂ ಒಂದೂವರೆ ಗಂಟೆಯದ್ದೇ ಇತ್ತು.

ಅಂದು ನೀನು ಶೆಡ್ಡಿನ ಹೊರಗೆ ನಿಂತು, "ಚಿಕ್ಕಪ್ಪ, ಅಪ್ಪನಿಗೆ ಮಲಗಿದಲ್ಲಿಗೆ ಇದರ ಸದ್ದು ಕೇಳ್ತದೆ, ಬೆಚ್ಚಿ ಬೀಳ್ತಾರೆ" ಎಂದೆ. ನಾನು ತಲೆ ಎತ್ತದೆ, "ನಿನ್ನ ಅಪ್ಪ ಒಂದು ಮಾತು ಹೇಳಿ ಕಳಿಸ್ಲಿ, ಆಮೇಲೆ ನೋಡುವ" ಎಂದೆ. ಹಾಸಿಗೆ ಹಿಡಿದವನಿಂದ ನನಗೆ ಮಾತು ಬೇಕಿತ್ತು! ನಿನ್ನ ಅಕ್ಕ ಭವಿತಾಳ ಮದುವೆಯಲ್ಲಿ ಧಾರೆಗೆ ಕೈ ಕೊಡಲು ಹೋದಾಗ ಅಣ್ಣ ನೆಂಟರ ಎದುರೇ, "ಗ್ರೀಸ್ ಕೈಯವ ಮುಟ್ಟುದು ಬೇಡ, ಆಚೆ ನಿಲ್ಲು" ಎಂದಿದ್ದ. ಸೀಮೆಎಣ್ಣೆ ಹಾಕಿ ಮೂರು ಸಲ ತಿಕ್ಕಿ ಬಂದಿದ್ದೆ ಮಗ. ಉಗುರಿನ ಸಂದಿಯದ್ದು ಹೋಗುವುದಿಲ್ಲ. ಅಂದಿನಿಂದ ಹನ್ನೊಂದು ವರ್ಷ, ನೀರು ಹರಿಯುವ ತೋಡಿನ ಈಚೆ ನಾನು, ಆಚೆ ಅವನು.

ಮಾರ್ಚ್ ಮೊದಲ ವಾರ ನಡೆದದ್ದು ನೀನು ಕಂಡದ್ದೇ. ನಾನು ಗ್ರೈಂಡರ್ ಹಿಡಿದಿದ್ದೆ, ಅದರ ಗಲಾಟೆಯ ನಡುವೆ ಕಿವಿಗೆ ಎರಡು ಸದ್ದು ಬಿತ್ತು. ನಮ್ಮಲ್ಲಿ ಮರಣವಾದರೆ ಕೋವಿಯಿಂದ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಕ್ರಮ. ಅಣ್ಣ ಹೋದ ಎಂದೇ ತಿಳಿದು ಬಿಳಿ ಬಟ್ಟೆಯ ಬೈರಾಸು ಹೆಗಲಿಗೆ ಹಾಕಿಕೊಂಡು, ತೋಡು ದಾಟಿ ಓಡಿಬಂದೆ. ನೋಡಿದರೆ ನೀನು ಬೈಕಿನಿಂದ ಇಳಿಯುತ್ತಿದ್ದೀ, ಅಣ್ಣ ಜಗಲಿಯಲ್ಲಿ ದಿಂಬಿಗೆ ಒರಗಿ ಗಂಜಿ ಉಣ್ಣುತ್ತಿದ್ದಾನೆ. "ಎಂತ, ಹೆಣ ನೋಡ್ಲಿಕ್ಕೆ ಬಂದದಾ? ಗಂಜಿ ಇನ್ನೂ ಇಳೀತದೆ ಮಾರಾಯ. ಸ್ವಲ್ಪ ದಿನ ಬಿಟ್ಟು ಬಾ" ಎಂದ. ಎಲ್ಲರೂ ನಕ್ಕರು. ಅಣ್ಣನೂ ನಕ್ಕ, ಹನ್ನೊಂದು ವರ್ಷದಲ್ಲಿ ನನ್ನ ಮುಖ ನೋಡಿ ಮೊದಲ ಸಲ. ನಾನೂ ನಕ್ಕು, ನನಗೂ ಒಂದು ಬಟ್ಟಲು ಗಂಜಿ ಹಾಕಿ ಅತ್ತಿಗೆ ಎಂದು ಕೂತುಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಬೆನ್ನು ಹಾಕಿ ಬಂದೆ. ಹಿಂದಿನಿಂದ ಅತ್ತಿಗೆ ಎರಡು ಸಲ ಕರೆದದ್ದು ಕೇಳಿಸಿತ್ತು.

ಆಮೇಲೆ ಚುನಾವಣೆ ಬಂತು, ಅದು ಮುಗಿಯುವವರೆಗೆ ಒಪ್ಪಿಸಿಡಬೇಕೆಂದು ಊರಿನ ಕೋವಿಗಳೆಲ್ಲ ಠಾಣೆಗೆ ಹೋದವು. ನಿಮ್ಮದೂ ಹೋಯಿತು. ಏಪ್ರಿಲ್ ಹದಿನಾರರ ಬೆಳಿಗ್ಗೆ ಅಣ್ಣ ತೀರಿಹೋದಾಗ ಹಾರಿಸಲು ಕೋವಿ ಇಲ್ಲ. ನೀನು ಬೈಕನ್ನು ಅಂಗಳದಲ್ಲಿ ನಿಲ್ಲಿಸಿ, ಇಂಜಿನ್ ಜೋರಾಗಿ ಎಬ್ಬಿಸಿ, ಆಕ್ಸಿಲರೇಟರ್ ಒಮ್ಮೆಲೇ ಬಿಟ್ಟು ಎರಡು ಸಲ ಒಡೆಸಿದೆಯಂತೆ. ಸಮದನಲ್ಲಿ ನೀನು ಹೇಳಿದ ಮಾತನ್ನು ಅವನು ನನಗೆ ಹೇಳಿದ. "ಬೇರೆ ಎಲ್ಲರಿಗೂ ಫೋನ್ ಹೋಗಿತ್ತು. ಆ ಸದ್ದು ಚಿಕ್ಕಪ್ಪನಿಗೆ ಮಾತ್ರ ಇದ್ದದ್ದು. ಮಧ್ಯಾಹ್ನದವರೆಗೆ ಹೆಣ ತೆಗೀಲಿಕ್ಕೆ ಬಿಡ್ಲಿಲ್ಲ ನಾನು."

ಮಗ, ಕೋವಿಗಳೆಲ್ಲ ಠಾಣೆಯಲ್ಲಿವೆ ಎಂದು ಊರಿಗೇ ಗೊತ್ತು. ಒಮ್ಮೆ ಮೋಸಹೋಗಿ ನಗೆಪಾಟಲಾದವನು ನಾನು. ಇದೂ ಬೈಕಿನದ್ದೇ ಎಂದು ಸುಮ್ಮನೆ ಕೂತೆ. ನಿನ್ನ ಚಿಕ್ಕಮ್ಮ ಶೀಲಾವತಿ ಇದ್ದಿದ್ದರೆ ಹೋಗಿ ನೋಡಿ ಎನ್ನುತ್ತಿದ್ದಳು, ಅವಳು ನರಿಮೊಗರಿನಲ್ಲಿ ಮಗಳ ಮನೆಯಲ್ಲಿದ್ದಳು. ತೋಟದ ಮೇಲಿಂದ ಹೊಗೆ ಏಳುವಾಗಲೇ ನನಗೆ ತಿಳಿದದ್ದು.

ಭಾನುವಾರದ ಉತ್ತರಕ್ರಿಯೆಗೆ ನಾನು ಬರಬಾರದು ಎಂದು ಹೇಳಿದ್ದೀಯಂತೆ. ಹೇಳುವ ಅಧಿಕಾರ ನಿನ್ನದೇ. ಒಂದೇ ಬೇಡಿಕೆ. ಅಣ್ಣನಿಗೆ ಎಡೆ ಹಾಕುವಾಗ ಒಂದು ಸೌಟು ಅನ್ನ ಬಡಿಸಿ, ಯಾರಲ್ಲೂ ಮಾತಾಡದೆ ಬಂದ ದಾರಿಯಲ್ಲಿ ಹೋಗುತ್ತೇನೆ. ಊಟಕ್ಕೆ ಕೂರುವುದಿಲ್ಲ. ಆಗಬಹುದಾದರೆ ಸಮದನಲ್ಲಿ ಹೂಂ ಎಂದು ಹೇಳು, ಸಾಕು.

ಒಡಹುಟ್ಟಿದವನ ಮುಖ ನೋಡದೆ ಉಳಿದ
ನಿನ್ನ ಚಿಕ್ಕಪ್ಪ,
ತೀರ್ಥರಾಮ

ಮರೆತು ಬಿಟ್ಟದ್ದಲ್ಲ, ಬರೆಯದೆ ಬಿಟ್ಟದ್ದು: ಸಮದ್ ಕಾಗದಕ್ಕೆ ಕಾಯುತ್ತಾ ಹೊರಗೆ ನಿಂತಿದ್ದಾನೆ. ಇಷ್ಟೇ ಕೊಟ್ಟು ಕಳಿಸಲು ಆಗುತ್ತಾ ಇಲ್ಲ. ಓಡುವ ಬೈಕು ಇಳಿಜಾರಿನಲ್ಲಿ ಒಡೆದರೆ ಒಂದು ಸದ್ದು, ನಿಂತ ಬೈಕನ್ನು ಎಬ್ಬಿಸಿ ಒಡೆಸಿದರೆ ಬೇರೆ ಸದ್ದು. ನಲವತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಅದು ತಿಳಿಯದೆ ಇರುತ್ತದಾ? ಮೊದಲನೆಯದಕ್ಕೇ ನಿಂತ ಬೈಕು ಎಂದು ಗೊತ್ತಾಯಿತು. ಎರಡನೆಯದಕ್ಕೆ ಅಣ್ಣ ಇಲ್ಲ ಎಂದೂ ಗೊತ್ತಾಯಿತು. ತೋಡಿನವರೆಗೆ ಬಂದೆ. ಸದ್ದು ಮಾಡಿದರೆ ಸಾಲದು, ಮನೆಯಿಂದ ಒಬ್ಬರಾದರೂ ಬಂದು ಕರೆಯಲಿ ಎಂದು ಅಲ್ಲೇ ಕಲ್ಲಿನ ಮೇಲೆ ಕೂತೆ. ನೀನು ನನಗಾಗಿ ಕಾಯುತ್ತಿದ್ದ ಅಷ್ಟೂ ಹೊತ್ತು ನಾನು ಅಲ್ಲೇ ಇದ್ದೆ, ನಿಮ್ಮ ಮನೆಯ ಅಳು ಕೇಳುವಷ್ಟು ಹತ್ತಿರ. ನಿನ್ನ ಚಿಕ್ಕಮ್ಮನಿಗೂ ಇದನ್ನು ಹೇಳಿಲ್ಲ. ಇಷ್ಟು ಓದಿದ ಮೇಲೆ ಭಾನುವಾರದ್ದು ತೀರ್ಮಾನ ಮಾಡು. ಬೇಡ ಎಂದಾದರೆ, ಕೇಳಿದವರಿಗೆ ಕಾರಣ ಹೇಳಲು ಹಿಂಜರಿಯಬೇಡ.