ಶಾಫ್ಟಿಗೆ ತೊಡಿಸಿದ ಬಳೆ

ಬೇಕರ್ಸ್‌ಫೀಲ್ಡ್
ಅಕ್ಟೋಬರ್ 7, 1966

ನನ್ನ ಮುದ್ದು ರೋಸಲೀ,

ಭಾನುವಾರದ ಸುದ್ದಿ ಯಾರ ಬಾಯಿಂದ ಕೇಳಿದೆಯೋ, ಕಾರು ಮಾರಿಬಿಡು ಎಂದು ಬರೆದಿದ್ದೀಯ. ಮಾರುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀನು ನಿಧಾನವಾಗಿ ಓದಬಹುದು.

ನಿನ್ನ ಅಪ್ಪ ತೀರಿಕೊಂಡಾಗ ಆ ಹಳೆಯ ಕೂಪೆ ಕಾರು ಬರೀ ಚೌಕಟ್ಟಾಗಿತ್ತು. ಎಂಜಿನ್ ಕೂರಿಸಿದ್ದು, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಜೋಡಿಸಿದ್ದು ನಾನು. ಮೊದಲ ಸಲ ಟೆಹಾಚಪಿ ಬೆಟ್ಟದ ಏರು ಹತ್ತಿಸಿದಾಗ ಗೇರ್‌ಬಾಕ್ಸಿನ ಎಣ್ಣೆ ಕಾದು ಸೀದ ವಾಸನೆ ಬಂತು. ಮನೆಗೆ ಬಂದವಳೇ ಆ ಎಣ್ಣೆ ತಣಿಸಲು ಮುಂದೆ ಬೇರೆಯದೇ ಪುಟ್ಟ ರೇಡಿಯೇಟರ್ ಕಟ್ಟಿದೆ. ಅದರ ಪೈಪುಗಳನ್ನು ಸೈಲೆನ್ಸರಿನ ಬಿಸಿ ತಾಗದಂತೆ ದೂರ ಒಯ್ದೆ. ಆಮೇಲೆ, ಹಿಂದಿನ ಚಕ್ರಗಳನ್ನು ತಿರುಗಿಸುವ ಉದ್ದನೆಯ ಶಾಫ್ಟಿನ ಸುತ್ತ, ಅದರ ಮುಂದಿನ ಕೀಲಿನ ಹತ್ತಿರ, ದಪ್ಪ ಉಕ್ಕಿನ ಬಳೆಯೊಂದನ್ನು ಬೋಲ್ಟು ಹಾಕಿ ಬಿಗಿದೆ.

ನಮ್ಮ ಕಾರ್ ರೇಸ್ ಕ್ಲಬ್ಬಿನ ಗಂಡಸರಿಗೆ ನಗು ತಡೆಯಲಿಲ್ಲ. ಅಧ್ಯಕ್ಷ ಕ್ಲೀಟಸ್ ಕಾರಿನ ಕೆಳಗೆ ಬಗ್ಗಿ ನೋಡಿ, "ಏನಮ್ಮ ಓಪಲ್, ಕಾರಿಗೂ ಬಳೆ ತೊಡಿಸಿದ್ಯಾ? ಮದುವೆ ಯಾವಾಗ?" ಅಂದ.

"ನಿನ್ನ ಕಾರಿಗೇ ಕೊಡೋಣ ಅಂತಿದ್ದೆ. ಅದು ನಡುದಾರೀಲೇ ನಿಂತುಬಿಡುತ್ತಲ್ಲ," ಅಂದೆ.

ಭಾನುವಾರ ಹಳೆಯ ವಿಮಾನಪಟ್ಟಿಯಲ್ಲಿ ಅಭ್ಯಾಸಕ್ಕೆ ಓಡಿಸುತ್ತಿದ್ದೆ. ವೇಗ ಏರುತ್ತಿದ್ದಾಗ ಆ ಮುಂದಿನ ಕೀಲು ಮುರಿಯಿತು. ಕಾಲಡಿಯಲ್ಲಿ ಸುತ್ತಿಗೆ ಬಡಿದಂಥ ಸದ್ದು. ಬಳೆ ಇಲ್ಲದಿದ್ದರೆ ಶಾಫ್ಟಿನ ತುದಿ ನೆಲಕ್ಕೆ ನಾಟಿ ಕಾರನ್ನೇ ಮಗುಚುತ್ತಿತ್ತು, ಇಲ್ಲವೇ ತಗಡು ಸೀಳಿ ಒಳಗೆ ನುಗ್ಗುತ್ತಿತ್ತು. ಅದು ಬಳೆಯೊಳಗೇ ಬಡಿದಾಡಿತು. ಕಾರು ನೆಟ್ಟಗೆ ಸಾಗಿ ನಿಂತಿತು.

ಓಡಿಬಂದ ಕ್ಲೀಟಸ್ ಕಾರಿನ ಕೆಳಗೆ ತೂರಿದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಮೇಲೆ, "ಇದ್ರ ಅಳತೆ ಕೊಡ್ತೀಯಾ?" ಅಂತ ಮೆಲ್ಲಗೆ ಕೇಳಿದ.

"ಕೊಡ್ತೀನಿ. ಬಳೆ ಇಲ್ಲದ ಕಾರು ಇಲ್ಲಿ ಇಳೀಬಾರ್ದು ಅಂತ ಎಲ್ಲರ ಮುಂದೆ ಮೊದ್ಲು ಹೇಳು," ಅಂದೆ. ಮುಖ ಗಂಟಿಕ್ಕಿಕೊಂಡೇ ಹೇಳಿದ.

ಇದನ್ನೇ ನೀನು ಹುಚ್ಚು ಅಂದಿದ್ದೀಯ. ಮುರಿಯುವುದು ಮುರಿಯುತ್ತದೆ, ಮಗಳೇ. ಮುರಿದಾಗ ಏನಾಗಬೇಕೆಂದು ನಾನು ಮೊದಲೇ ತೀರ್ಮಾನಿಸಿದ್ದೆ. ಈ ವಯಸ್ಸಿಗೆ ಸ್ವೆಟರ್ ಹೆಣೆಯುವುದೇ ಲೇಸು ಅನ್ನುವುದಾದರೆ ಉಣ್ಣೆ ನೀನೇ ಇಟ್ಟುಕೋ. ಹೊಸ ಕೀಲು ತಂದಾಗಿದೆ. ಬರುವ ಭಾನುವಾರ ಮತ್ತೆ ಓಡಿಸುತ್ತೇನೆ.

ಮಣಿಯದ ನಿನ್ನ ಅಮ್ಮ,
ಓಪಲ್

ಇನ್ನೊಂದು ಮಾತು: ಅಂದು ನನ್ನ ಪಕ್ಕದಲ್ಲಿ ಕೂತಿದ್ದವನು ನಿನ್ನ ಗಂಡ ಡೆಲ್ಬರ್ಟ್. ಮೀನು ಹಿಡಿಯಲು ಹೋಗಿದ್ದೆ ಅಂತ ನಿನಗೆ ಹೇಳಿರುತ್ತಾನೆ. ಶಾಫ್ಟು ಬಡಿದಾಡಿದ್ದು ಅವನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ. ಅವನಿಗೆ ಹೊಟ್ಟೆ ತುಂಬ ಊಟ ಹಾಕು. ಆಮೇಲೆ ಬೇಕಿದ್ದರೆ ಬೈ.